ಕಿಂಗ್ ಆಲಿವರ್‌ನಿಂದ ಐಲರ್‌ವರೆಗೆ: ಜಾಝ್ ಕೇಳುವವರ ಒಂದು ಪ್ರಶ್ನೆಗೆ ಉತ್ತರ

ಪ್ರಶ್ನೆ: ಕೆಲವು ತಿಂಗಳಿಂದ ಜಾಝ್ ಹಿಂದೆ ಬಿದ್ದಿದ್ದೇನೆ. ಕಿಂಗ್ ಆಲಿವರ್, ಲೂಯಿ ಆರ್ಮ್‌ಸ್ಟ್ರಾಂಗ್‌ನ ಹಾಟ್ ಫೈವ್‌ನಿಂದ ಶುರು ಮಾಡಿದೆ. ಕೋಲ್ಮನ್ ಹಾಕಿನ್ಸ್, ಚಾರ್ಲಿ ಪಾರ್ಕರ್, ಮೈಲ್ಸ್ ಡೇವಿಸ್ ದಾಟಿ ಈಗ ಆರ್ನೆಟ್ ಕೋಲ್ಮನ್, ಆಲ್ಬರ್ಟ್ ಐಲರ್, ಆಂಥೊನಿ ಬ್ರಾಕ್ಸ್ಟನ್ ಕೇಳುತ್ತಿದ್ದೇನೆ. ಎರಡು ತೊಂದರೆ. ಹಳೆಯ ರೆಕಾರ್ಡುಗಳಲ್ಲಿ ಗರಗರ ಸದ್ದಿನ ಹಿಂದೆ ಎಲ್ಲವೂ ಒಂದೇ ಥರ ಕೇಳುತ್ತದೆ. ಅದರಲ್ಲಿ ಮೊದಲೇ ಕೂಡಿಸಿಟ್ಟದ್ದು ಎಷ್ಟು, ಆಗಿಂದಾಗಲೇ ಹುಟ್ಟಿದ್ದು ಎಷ್ಟು ಅಂತ ಗೊತ್ತಾಗುವುದಿಲ್ಲ. 1960ರ ನಂತರದ್ದಕ್ಕೆ ಬಂದರೆ ಹಾಡೇ ಕೈಗೆ ಸಿಗುವುದಿಲ್ಲ. ಇದು ಅದೇ ಸಂಗೀತವಾ? ನಾನು ಕೇಳುತ್ತಿರುವ ಕ್ರಮ ತಪ್ಪಾ?

ಉತ್ತರ: ಕ್ರಮ ತಪ್ಪೇನಲ್ಲ. ಆದರೆ ಇಸವಿ ಹಿಡಿದು ಕೇಳುವುದರಲ್ಲಿ ಒಂದು ಮೋಸ ಇದೆ. ಮೊದಲಿನವರು ಕಟ್ಟಿನೊಳಗೆ ನುಡಿಸಿದರು, ಆಮೇಲಿನವರು ಒಂದೊಂದೇ ಕಟ್ಟು ಬಿಚ್ಚಿದರು, ಕೊನೆಗೆ ಬಂದವರು ಎಲ್ಲವನ್ನೂ ಬಿಸಾಕಿದರು ಅನ್ನುವ ಕಥೆ ತಾನಾಗಿಯೇ ತಲೆಯಲ್ಲಿ ಕೂತುಬಿಡುತ್ತದೆ. ಆ ಕಥೆ ಇಟ್ಟುಕೊಂಡು ಐಲರ್‌ನನ್ನು ಕೇಳಿದರೆ, ಅವನು ಎಲ್ಲ ಕಳೆದುಕೊಂಡು ಕಿರುಚುತ್ತಿರುವವನ ಹಾಗೆ ಕಾಣುತ್ತಾನೆ. ನನ್ನ ಪ್ರಕಾರ ಐಲರ್ ಪಾರ್ಕರ್‌ಗಿಂತ ಕಿಂಗ್ ಆಲಿವರ್‌ಗೆ ಹತ್ತಿರದವನು. ಇದನ್ನು ವಾದ ಮಾಡಿ ಒಪ್ಪಿಸಬೇಕಾಗಿಲ್ಲ, ಕಿವಿಗೇ ಗೊತ್ತಾಗುತ್ತದೆ. ಅದಕ್ಕೆ ಮೊದಲು ಆಲಿವರ್ ನಿಮಗೆ ಸರಿಯಾಗಿ ಕೇಳಿಸಬೇಕು.

ಮೊದಲು ಆ ಗರಗರದ ವಿಷಯ. ಆಲಿವರ್‌ನ ಕ್ರಿಯೋಲ್ ಜಾಝ್ ಬ್ಯಾಂಡ್ 1923ರ ಏಪ್ರಿಲ್‌ನಲ್ಲಿ ಇಂಡಿಯಾನಾದ ರಿಚ್ಮಂಡ್ ಊರಿಗೆ ಹೋಗಿ ಜೆನೆಟ್ ಕಂಪನಿಗೆ ನುಡಿಸಿತು. ಅದು ಪಿಯಾನೋ ಕಾರ್ಖಾನೆಯ ಆವರಣದಲ್ಲಿದ್ದ ಸ್ಟುಡಿಯೋ. ಪಕ್ಕದಲ್ಲೇ ರೈಲು ಹಳಿ. ರೈಲು ಬಂದರೆ ರೆಕಾರ್ಡಿಂಗ್ ನಿಲ್ಲಿಸಬೇಕು. ರೆಕಾರ್ಡಿಂಗಿಗೆ ಮೈಕ್ ಇನ್ನೂ ಬಂದಿರಲಿಲ್ಲ. ಗೋಡೆಯಿಂದ ಹೊರಗೆ ಚಾಚಿದ ದೊಡ್ಡ ಕಹಳೆಯೊಳಗೆ ಸದ್ದು ಹೋಗಬೇಕು, ಆ ಒತ್ತಡದಿಂದ ಸೂಜಿ ಅಲುಗಬೇಕು, ಸೂಜಿ ಮೇಣದ ಮೇಲೆ ಗೆರೆ ಕೊರೆಯಬೇಕು. ಯಾರ ಸದ್ದು ಜಾಸ್ತಿ, ಯಾರದು ಕಡಿಮೆ ಅನ್ನುವುದನ್ನು ತಿದ್ದಲು ಇದ್ದದ್ದು ಒಂದೇ ಉಪಾಯ: ಜೋರಾಗಿ ನುಡಿಸುವವರನ್ನು ದೂರ ನಿಲ್ಲಿಸುವುದು. ಆಲಿವರ್ ನುಡಿಸುತ್ತಿದ್ದದ್ದು ಕಾರ್ನೆಟ್, ಅಂದರೆ ಟ್ರಂಪೆಟ್ಟಿನ ಥರದ ಚಿಕ್ಕ ತುತ್ತೂರಿ. ಬ್ಯಾಂಡಿನ ಎರಡನೇ ಕಾರ್ನೆಟ್ ವಾದಕ, ಆಗಿನ್ನೂ ಹುಡುಗ, ಆರ್ಮ್‌ಸ್ಟ್ರಾಂಗ್. ಅವನ ಸದ್ದು ಆಲಿವರ್‌ನನ್ನೇ ಮುಚ್ಚಿಹಾಕುತ್ತಿತ್ತು, ಅದಕ್ಕೇ ಅವನನ್ನು ಎಲ್ಲರಿಗಿಂತ ಹಿಂದೆ ನಿಲ್ಲಿಸಿದರು ಅಂತ ಪಿಯಾನೋ ನುಡಿಸಿದ ಲಿಲ್ ಹಾರ್ಡಿನ್ ಮುಂದೆ ಹೇಳಿದ್ದುಂಟು.

ಡ್ರಮ್ಸ್ ಕಥೆ ಇನ್ನೂ ಮುಖ್ಯ. ದೊಡ್ಡ ಡ್ರಮ್ ಬಾರಿಸಿದರೆ ಸೂಜಿ ಹಾರಿಬಿಡುವ ಭಯ. ಹಾಗಾಗಿ ಬ್ಯಾಂಡಿನ ಡ್ರಮ್ಮರ್ ಬೇಬಿ ಡಾಡ್ಸ್ ಆ ರೆಕಾರ್ಡುಗಳಲ್ಲಿ ಹೆಚ್ಚಾಗಿ ಮರದ ತುಂಡಿನ ಮೇಲೆ ಟಕಟಕ ಅನ್ನಿಸುತ್ತಾನೆ. ಅದನ್ನು ಕೇಳಿ ಆಗಿನ ಡ್ರಮ್ಮರ್‌ಗಳಿಗೆ ಅಷ್ಟೇ ಬರುತ್ತಿತ್ತು ಅಂದುಕೊಂಡರೆ ದೊಡ್ಡ ತಪ್ಪು. ಇದೇ ಡಾಡ್ಸ್ 1946ರಲ್ಲಿ ಒಬ್ಬನೇ ಕೂತು, ಮಾತಾಡುತ್ತಾ, ಬಾರಿಸಿ ತೋರಿಸಿದ ರೆಕಾರ್ಡ್ ಇದೆ. ಅದನ್ನು ಮೊದಲು ಕೇಳಿ, ಆಮೇಲೆ 1923ಕ್ಕೆ ಹೋಗಿ. ಆ ಟಕಟಕದ ಹಿಂದೆ ಏನು ಕಾಣೆಯಾಗಿದೆ ಅಂತ ನಿಮ್ಮ ಕಿವಿಯೇ ತುಂಬಿಕೊಳ್ಳುತ್ತದೆ.

ಇನ್ನು ಸಮಯ. ಹತ್ತು ಇಂಚಿನ ಡಿಸ್ಕಿನ ಒಂದು ಮುಖದಲ್ಲಿ ಹಿಡಿಯುವುದು ಸುಮಾರು ಮೂರು ನಿಮಿಷ. ಶಿಕಾಗೋದ ಲಿಂಕನ್ ಗಾರ್ಡನ್ಸ್‌ನಲ್ಲಿ ಕುಣಿಯುವ ಜನರ ಮುಂದೆ ಈ ಬ್ಯಾಂಡಿಗೆ ಅಂಥ ಗಡಿ ಏನೂ ಇರಲಿಲ್ಲ. ಹಾಗಾಗಿ ನಿಮಗೆ ಸಿಕ್ಕಿರುವುದು ಆ ಸಂಗೀತದ ಒಂದು ತುಣುಕು, ಅದೂ ಕಹಳೆಗೆ ಹಿಡಿಸಿದಷ್ಟು. ಎಲ್ಲವೂ ಒಂದೇ ಥರ ಅನ್ನಿಸುವುದಕ್ಕೆ ಅರ್ಧ ಕಾರಣ ಇದೇ.

ಉಳಿದ ಅರ್ಧಕ್ಕೆ ಕಾರಣ ನೀವು ಕೇಳುತ್ತಿರುವ ಪ್ರತಿ ಇರಬಹುದು. ಹಳೆಯ ಡಿಸ್ಕನ್ನು ಹೊಸದಕ್ಕೆ ಇಳಿಸುವಾಗ ಕೆಲವರು ಗರಗರ ತೆಗೆಯುವ ಹುಮ್ಮಸ್ಸಿನಲ್ಲಿ ಕಾರ್ನೆಟ್ಟಿನ ಹೊಳಪನ್ನೂ ತೆಗೆದುಬಿಡುತ್ತಾರೆ. ಆಗ ಎಲ್ಲರೂ ಕಂಬಳಿ ಹೊದ್ದು ನುಡಿಸಿದ ಹಾಗೆ ಕೇಳುತ್ತದೆ. ಸ್ವಲ್ಪ ಗರಗರ ಇರುವ ಪ್ರತಿಯೇ ಎಷ್ಟೋ ಮೇಲು, ಎರಡು ನಿಮಿಷದಲ್ಲಿ ಕಿವಿ ಅದನ್ನು ಬದಿಗಿಟ್ಟುಬಿಡುತ್ತದೆ. ಇಂಗ್ಲೆಂಡಿನ ಜಾನ್ ಆರ್. ಟಿ. ಡೇವಿಸ್ ಇಳಿಸಿದ ಪ್ರತಿಗಳು ಸಿಕ್ಕರೆ ಬಿಡಬೇಡಿ. ಒಂದೇ ಸದ್ದನ್ನು ಎಡ ಬಲ ಒಡೆದು ಸುಳ್ಳು ಸ್ಟೀರಿಯೋ ಮಾಡಿದ್ದನ್ನು ಮುಟ್ಟಲೇಬೇಡಿ. ವೇಗವೂ ಮುಖ್ಯ. 78 ಅಂತ ಕರೆಯುವ ಡಿಸ್ಕುಗಳೆಲ್ಲ ನಿಜವಾಗಿ ನಿಮಿಷಕ್ಕೆ 78 ಸುತ್ತಿನಲ್ಲೇ ರೆಕಾರ್ಡ್ ಆದವಲ್ಲ, ತಪ್ಪು ವೇಗದಲ್ಲಿ ಇಳಿಸಿದರೆ ಶ್ರುತಿಯೂ ತಪ್ಪುತ್ತದೆ, ನಡಿಗೆಯೂ ತಪ್ಪುತ್ತದೆ. ಹೊಸ ಕಾಲದ ಆಲ್ಬಮ್ಮುಗಳಿಗೂ ಇದು ತಪ್ಪಿದ್ದಲ್ಲ. ಮೈಲ್ಸ್ ಡೇವಿಸ್‌ನ 'ಕೈಂಡ್ ಆಫ್ ಬ್ಲೂ' ಮೊದಲ ಮುಖದ ಮೂರು ಟ್ಯೂನುಗಳು ರೆಕಾರ್ಡ್ ಮಾಡುವಾಗ ಟೇಪ್ ಯಂತ್ರ ನಿಧಾನವಾಗಿ ಓಡಿದ್ದರಿಂದ ದಶಕಗಳ ಕಾಲ ಒಂಚೂರು ಏರಿದ ಶ್ರುತಿಯಲ್ಲೇ ಮಾರಾಟವಾದವು. ಸರಿ ಮಾಡಿದ್ದು 1990ರ ದಶಕದಲ್ಲಿ.

ಸರಿ, ಈಗ ಕೇಳೋಣ. 'ಡಿಪ್ಪರ್‌ಮೌತ್ ಬ್ಲೂಸ್' ಹಾಕಿ. ಇಡೀ ಬ್ಯಾಂಡನ್ನು ಒಟ್ಟಿಗೆ ಕೇಳುವ ಪ್ರಯತ್ನ ಬೇಡ. ಮೊದಲ ಸಲ ಕ್ಲಾರಿನೆಟ್ ಒಂದನ್ನೇ ಹಿಡಿದುಕೊಳ್ಳಿ. ಜಾನಿ ಡಾಡ್ಸ್ ಮೇಲಿನ ಸ್ವರಗಳಲ್ಲಿ ಓಡಾಡುತ್ತಾನೆ, ಉಳಿದವರು ಉಸಿರು ತೆಗೆದುಕೊಳ್ಳುವ ಜಾಗ ನೋಡಿ ನುಗ್ಗುತ್ತಾನೆ. ಎರಡನೇ ಸಲ ಟ್ರೊಂಬೋನ್. ಅದು ಕೆಳಗಿನಿಂದ ಜಾರಿಕೊಂಡು ಬಂದು ಒಂದು ಸಾಲನ್ನು ಮುಂದಿನ ಸಾಲಿಗೆ ಕಟ್ಟುತ್ತದೆ. ಮೂರನೇ ಸಲ ಕಾರ್ನೆಟ್‌ಗಳು. ಹಾಡು ಅವರ ಕೈಯಲ್ಲಿದೆ, ಆದರೆ ಅವರೂ ಅದನ್ನು ನೇರವಾಗಿ ಹೇಳುವುದಿಲ್ಲ. ಒಬ್ಬರ ಮಾತಿನ ಮೇಲೆ ಒಬ್ಬರು ಮಾತಾಡುತ್ತಿದ್ದಾರೆ, ಆದರೂ ಯಾರ ಮಾತೂ ಮುರಿಯುತ್ತಿಲ್ಲ. ಇದು ಕಿವಿಗೆ ಬಿತ್ತು ಅಂದರೆ ಎಲ್ಲವೂ ಒಂದೇ ಥರ ಅನ್ನುವ ದೂರು ತಾನಾಗಿಯೇ ಹೋಗುತ್ತದೆ.

ಮೊದಲ ಜಾಝ್ ರೆಕಾರ್ಡ್ ಇದಲ್ಲ, ಬಿಡಿ. 1917ರಲ್ಲೇ ಒರಿಜಿನಲ್ ಡಿಕ್ಸಿಲ್ಯಾಂಡ್ ಜಾಸ್ ಬ್ಯಾಂಡ್ ಅನ್ನುವ ಬಿಳಿಯರ ತಂಡ ನ್ಯೂಯಾರ್ಕಿನಲ್ಲಿ ವಿಕ್ಟರ್ ಕಂಪನಿಗೆ ನುಡಿಸಿತ್ತು. ವಾದ್ಯಗಳಲ್ಲಿ ಕೋಳಿ, ಕುದುರೆ, ಹಸು ಕೂಗಿಸುವ ಚಮತ್ಕಾರ ಅದರಲ್ಲಿದೆ. ಇತಿಹಾಸಕ್ಕಾಗಿ ಒಂದು ಸಲ ಕೇಳಿದರೆ ಸಾಕು.

ಈಗ ನಿಮ್ಮ ಒಳ್ಳೆಯ ಪ್ರಶ್ನೆ: ಎಷ್ಟು ಮೊದಲೇ ಕೂಡಿಸಿದ್ದು, ಎಷ್ಟು ಆಗಲೇ ಹುಟ್ಟಿದ್ದು? ಉತ್ತರ ಕೇಳಿ ಕೆಲವರಿಗೆ ಬೇಜಾರಾಗುತ್ತದೆ. 'ಡಿಪ್ಪರ್‌ಮೌತ್'ನಲ್ಲಿ ಆಲಿವರ್ ಮ್ಯೂಟ್ (ಸದ್ದು ಬದಲಿಸಲು ಕಾರ್ನೆಟ್ಟಿನ ಬಾಯಿಗೆ ಹಿಡಿಯುವ ಮುಚ್ಚಳ) ಹಿಡಿದು ಮೂರು ಸುತ್ತು ನುಡಿಸುವ ಸೋಲೋ ಇದೆಯಲ್ಲ, ಅದೇ ಹಾಡನ್ನು ಆ ಬ್ಯಾಂಡ್ ಅದೇ ವರ್ಷ ಜೂನ್‌ನಲ್ಲಿ ಓಕೆ ಕಂಪನಿಗೆ ಮತ್ತೆ ನುಡಿಸಿತು. ಸೋಲೋ ಹೆಚ್ಚುಕಡಿಮೆ ಅದೇ. 1925ರಲ್ಲಿ ಫ್ಲೆಚರ್ ಹೆಂಡರ್ಸನ್ ಬ್ಯಾಂಡ್ ಆ ಹಾಡನ್ನು 'ಶುಗರ್ ಫುಟ್ ಸ್ಟಾಂಪ್' ಅಂತ ಹೆಸರು ಬದಲಿಸಿ ನುಡಿಸಿದಾಗ ಆರ್ಮ್‌ಸ್ಟ್ರಾಂಗ್ ತನ್ನ ಗುರುವಿನ ಆ ಸೋಲೋವನ್ನೇ ನುಡಿಸುತ್ತಾನೆ. ಅಂದರೆ ಅದು ಆಗಲೇ ಒಂದು ಹಾಡಿನ ಹಾಗೆ ನಿಂತುಬಿಟ್ಟಿತ್ತು.

ಇನ್ನೂ ಒಂದು. ಹಾಟ್ ಫೈವ್‌ನ 'ಕಾರ್ನೆಟ್ ಚಾಪ್ ಸೂಯಿ' 1926ರ ಫೆಬ್ರವರಿಯಲ್ಲಿ ರೆಕಾರ್ಡ್ ಆಯಿತು. ಕೇಳಿದರೆ ಆ ಕ್ಷಣದಲ್ಲೇ ಉಕ್ಕಿ ಬಂದ ಹಾಗಿದೆ. ಆದರೆ ಆರ್ಮ್‌ಸ್ಟ್ರಾಂಗ್ ತನ್ನ ಕೈಯಾರೆ ಬರೆದು 1924ರ ಜನವರಿಯಲ್ಲೇ ಹಕ್ಕು ನೋಂದಾಯಿಸಲು ಕಳಿಸಿದ ಹಾಳೆ ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿ ಸಿಕ್ಕಿದೆ. ರೆಕಾರ್ಡಿನಲ್ಲಿ ಕೇಳುವ ಎಷ್ಟೋ ಭಾಗ ಆ ಹಾಳೆಯಲ್ಲೇ ಇದೆ, ಎರಡು ವರ್ಷ ಮೊದಲೇ. ಪಿಯಾನೋದ ಜೆಲ್ಲಿ ರೋಲ್ ಮಾರ್ಟನ್ ಅಂತೂ ಇದನ್ನು ಮುಚ್ಚಿಡಲೇ ಇಲ್ಲ. 1926ರ ಅವನ ರೆಡ್ ಹಾಟ್ ಪೆಪರ್ಸ್ ತಂಡದ 'ಬ್ಲಾಕ್ ಬಾಟಂ ಸ್ಟಾಂಪ್' ಕೇಳಿ. ಯಾರು ಎಲ್ಲಿ ನಿಲ್ಲಬೇಕು, ಎಲ್ಲಿ ಎರಡು ಬಾರ್ (ಬಾರ್ ಅಂದರೆ ತಾಳದ ಒಂದು ಅಳತೆ, ಹೆಚ್ಚಾಗಿ ನಾಲ್ಕು ಎಣಿಕೆ) ಬ್ರೇಕ್, ಅಂದರೆ ಉಳಿದವರು ನಿಂತು ಒಬ್ಬನೇ ನುಡಿಸುವ ಜಾಗ, ಬರಬೇಕು, ಯಾರು ಯಾರ ಹಿಂದೆ ಬರಬೇಕು, ಎಲ್ಲವೂ ಕರಾರುವಾಕ್ಕು.

ಇದು ಮೋಸವೇನಲ್ಲ. ರಾತ್ರಿ ರಾತ್ರಿ ನುಡಿಸುತ್ತಾ ಒಂದು ಸೋಲೋ ಬೆಳೆಯುತ್ತದೆ, ಚೆನ್ನಾಗಿದ್ದದ್ದು ಉಳಿಯುತ್ತದೆ, ಕೊನೆಗೆ ಜನ ಅದನ್ನೇ ಕೇಳಲು ಬರುತ್ತಾರೆ. ಆಗಿಂದಾಗಲೇ ಹುಟ್ಟಿದರೆ ಮಾತ್ರ ಅಸಲಿ ಅನ್ನುವ ಹಟ ಆಮೇಲೆ ಬಂದದ್ದು. ಆ ಹಟವನ್ನು 1923ರ ಮೇಲೆ ಹೇರಿದರೆ ಅವರು ಬಡವಾಗುತ್ತಾರೆ. ಅವರಲ್ಲಿ ಆಗಿಂದಾಗಲೇ ಹುಟ್ಟುತ್ತಿದ್ದದ್ದು ಸೋಲೋಗಿಂತ ಹೆಚ್ಚಾಗಿ ಒಟ್ಟಿಗೆ ನುಡಿಸುವ ಭಾಗದಲ್ಲಿ. ಯಾರು ಯಾರಿಗೆ ಜಾಗ ಬಿಟ್ಟರು, ಯಾರು ಕಿತ್ತುಕೊಂಡರು ಅನ್ನುವಲ್ಲಿ. ಈ ಮಾತನ್ನು ನೆನಪಿನಲ್ಲಿಟ್ಟುಕೊಳ್ಳಿ, ಐಲರ್ ಹತ್ತಿರ ಬಂದಾಗ ಬೇಕಾಗುತ್ತದೆ.

ಆರ್ಮ್‌ಸ್ಟ್ರಾಂಗ್ ಈ ವ್ಯವಸ್ಥೆಯನ್ನು ಒಳಗಿನಿಂದಲೇ ಒಡೆದ. ಬೇಕಂತ ಅಲ್ಲ, ಅವನ ಸದ್ದಿಗೆ ಅದರಲ್ಲಿ ಜಾಗ ಸಾಲಲಿಲ್ಲ ಅಷ್ಟೇ. 1927ರ 'ಪೊಟೇಟೋ ಹೆಡ್ ಬ್ಲೂಸ್'ನಲ್ಲಿ ಬ್ಯಾಂಡ್ ಎರಡೆರಡು ಬಾರ್ ಅಳತೆಗೆ ಒಂದು ಏಟು ಹೊಡೆದು ಸುಮ್ಮನಾಗುತ್ತದೆ. ಆ ಖಾಲಿಯಲ್ಲಿ ಅವನೊಬ್ಬನೇ 32 ಬಾರ್ ನಡೆಯುತ್ತಾನೆ. 1928ರ 'ವೆಸ್ಟ್ ಎಂಡ್ ಬ್ಲೂಸ್' ಶುರುವಾಗುವುದೇ ಅವನ ಒಂಟಿ ಟ್ರಂಪೆಟ್‌ನಿಂದ. ಅಲ್ಲಿ ತಾಳ ಹಿಡಿಯುವವರು ಯಾರೂ ಇಲ್ಲ, ಆದರೂ ನಿಮ್ಮ ಕಾಲು ತಾಳ ಹಾಕುತ್ತದೆ. ಅದೇ ರೆಕಾರ್ಡಿನ ಕೊನೆಯ ಸುತ್ತಿನಲ್ಲಿ ಒಂದೇ ಸ್ವರವನ್ನು ನಾಲ್ಕು ಬಾರ್ ಹತ್ತಿರ ಎಳೆದು ನಿಲ್ಲಿಸುತ್ತಾನೆ. ಇದಾದ ಮೇಲೆ ಯಾರಿಗೆ ತಾನೇ ಮೂರು ಜನ ಒಟ್ಟಿಗೆ ಮಾತಾಡುವುದನ್ನು ಕೇಳುವ ತಾಳ್ಮೆ ಇರುತ್ತದೆ? ಸುಮಾರು ಮೂವತ್ತು ವರ್ಷ ಜಾಝ್ ಅಂದರೆ ಒಬ್ಬ ಮುಂದೆ ಬಂದು ನುಡಿಸುವುದು, ಉಳಿದವರು ಹಿಂದೆ ನಿಂತು ಹೊರುವುದು ಅಂತ ಆಯಿತು. ನಿಮಗೆ ಸಲೀಸಾಗಿ ಹಿಡಿಸುತ್ತಿರುವುದು ಈ ಮೂವತ್ತು ವರ್ಷವೇ.

ಆ ಕಾಲದ್ದನ್ನು ಕೇಳುವಾಗ ಸುತ್ತು ಎಣಿಸುವುದನ್ನು ಕಲಿಯಿರಿ. ತಾಳದ ಆವರ್ತನ ಹೇಗೆ ತಿರುಗಿ ಮೊದಲಿಗೆ ಬರುತ್ತದೋ ಹಾಗೆ ಇಲ್ಲಿ ಹಾಡಿನ ಕೆಳಗೆ ಒಟ್ಟಿಗೆ ನುಡಿಸುವ ಸ್ವರಗುಂಪುಗಳ, ಅಂದರೆ ಇಡೀ ಕಾರ್ಡ್‌ಗಳ ಸರಣಿ ತಿರುಗಿ ಬರುತ್ತದೆ. ಬ್ಲೂಸ್ ಆದರೆ 12 ಬಾರ್, ಸಿನಿಮಾ ಅಥವಾ ನಾಟಕದ ಹಾಡಾದರೆ ಸಾಮಾನ್ಯವಾಗಿ 32. ಅದರಲ್ಲಿ ಎಂಟೆಂಟು ಬಾರಿನ ನಾಲ್ಕು ತುಂಡು, ಹೆಚ್ಚಾಗಿ ಮೂರನೆಯದು ಬೇರೆ ಬಣ್ಣದ್ದು. ಒಂದು ಪೂರ್ತಿ ಸುತ್ತಿಗೆ ಕೋರಸ್ ಅನ್ನುತ್ತಾರೆ. ಸೋಲೋ ನಡೆಯುವಾಗ ಮೂಲ ಹಾಡನ್ನು ಮನಸ್ಸಿನಲ್ಲೇ ಗುನುಗುತ್ತಿರಿ. ಕಳೆದುಹೋಗುವುದು ಬಹಳ ಮಟ್ಟಿಗೆ ನಿಲ್ಲುತ್ತದೆ.

ಹಾಕಿನ್ಸ್‌ನ ಸ್ಯಾಕ್ಸೋಫೋನಿನ 'ಬಾಡಿ ಅಂಡ್ ಸೋಲ್' ಇದಕ್ಕೆ ಹೇಳಿ ಮಾಡಿಸಿದ್ದು. 1939ರ ಅಕ್ಟೋಬರ್‌ನಲ್ಲಿ, ಯುರೋಪಿನಿಂದ ವಾಪಸಾದ ಕೆಲವೇ ತಿಂಗಳಿಗೆ ನುಡಿಸಿದ್ದು. ಮೊದಲ ಕೆಲವು ಬಾರ್ ಹಾಡಿನ ಪಕ್ಕದಲ್ಲೇ ನಡೆಯುತ್ತಾನೆ, ಆಮೇಲೆ ಹಾಡನ್ನು ಬಿಟ್ಟು ಅದರ ಕಾರ್ಡ್‌ಗಳನ್ನು ಮಾತ್ರ ಹಿಡಿದು ಎರಡು ಕೋರಸ್ ಮುಗಿಸುತ್ತಾನೆ. ಹಾಡಿನ ಧಾಟಿ ತಿರುಗಿ ಬರುವುದೇ ಇಲ್ಲ. ಆದರೂ ಆ ರೆಕಾರ್ಡ್ ಜನಪ್ರಿಯವಾಯಿತು. ಅಂದರೆ ಹಾಡು ಕೈಗೆ ಸಿಗುವುದಿಲ್ಲ ಅನ್ನುವ ನಿಮ್ಮ ದೂರು 1960ರಲ್ಲಿ ಹುಟ್ಟಿದ್ದಲ್ಲ, ಇಲ್ಲೇ ಇದೆ. ಇಲ್ಲಿ ನಿಮಗೆ ಅದು ತೊಂದರೆ ಅನ್ನಿಸಲಿಲ್ಲ, ಯಾಕೆಂದರೆ ಕೆಳಗೆ ಕಾರ್ಡ್‌ಗಳು ಹಾಸಿವೆ. ಇದರ ಪಕ್ಕದಲ್ಲೇ 1936ರ 'ಲೇಡಿ ಬಿ ಗುಡ್'ನಲ್ಲಿ ಲೆಸ್ಟರ್ ಯಂಗ್‌ನನ್ನೂ ಕೇಳಿ. ಹಾಕಿನ್ಸ್ ಕಾರ್ಡ್‌ಗಳ ಒಳಗೆ ಇಳಿದು ಅಗೆಯುತ್ತಾನೆ, ಯಂಗ್ ಮೇಲಿಂದ ಮೇಲೆ ತೇಲುತ್ತಾನೆ. ನನಗೆ ಯಂಗ್ ಹೆಚ್ಚು ಇಷ್ಟ. ಅದು ಬೇರೆ ಮಾತು.

ಪಾರ್ಕರ್ ಬಗ್ಗೆ ನಿಮಗೆ ಜಾಸ್ತಿ ಹೇಳಬೇಕಾಗಿಲ್ಲ ಅನ್ನಿಸುತ್ತದೆ. ಎರಡು ವಿಷಯ ಮಾತ್ರ. ಬೀಬಾಪ್, ಅಂದರೆ ಪಾರ್ಕರ್ ಕಾಲದ ಹೊಸ ಶೈಲಿ, ರಾತ್ರೋರಾತ್ರಿ ಹುಟ್ಟಿದ ಹಾಗೆ ರೆಕಾರ್ಡುಗಳಲ್ಲಿ ಕಾಣುವುದಕ್ಕೆ ಕಾರಣ ಒಂದು ಮುಷ್ಕರ. 1942ರ ಆಗಸ್ಟ್‌ನಿಂದ ಅಮೆರಿಕದ ಸಂಗೀತಗಾರರ ಯೂನಿಯನ್ ರೆಕಾರ್ಡಿಂಗ್ ನಿಲ್ಲಿಸಿತು. ಕೆಲವು ಕಂಪನಿಗಳು 1943ರಲ್ಲಿ ರಾಜಿಯಾದವು, ದೊಡ್ಡ ಎರಡು ಕಂಪನಿಗಳು 1944ರ ಕೊನೆಗೆ. ಹೊಸ ಶೈಲಿ ಬೆಳೆಯುತ್ತಿದ್ದ ಕಾಲದಲ್ಲೇ ಯಂತ್ರ ಕಿವಿ ಮುಚ್ಚಿಕೊಂಡಿತ್ತು. ಎರಡನೆಯದು, ಒಂದೇ ಹಾಡಿನ ಬೇರೆ ಬೇರೆ ಟೇಕ್ ಕೇಳಿ. 1947ರ 'ಎಂಬ್ರೇಸಬಲ್ ಯೂ' ಎರಡು ಟೇಕ್ ಇದೆ. ಒಂದೇ ದಿನ, ಒಂದೇ ತಂಡ, ಆದರೆ ಎರಡು ಬೇರೆ ಬೇರೆ ಸೋಲೋ. ಆಲಿವರ್‌ನ ಎರಡು 'ಡಿಪ್ಪರ್‌ಮೌತ್' ಕೇಳಿದ ಕಿವಿಯಲ್ಲಿ ಇದನ್ನು ಕೇಳಿದರೆ ಇಪ್ಪತ್ತನಾಲ್ಕು ವರ್ಷದಲ್ಲಿ ಏನು ಬದಲಾಯಿತು ಅಂತ ಗೊತ್ತಾಗುತ್ತದೆ. 1945ರ 'ಕೊ-ಕೊ'ದ ಮೊದಲ ಟೇಕ್ ಕೂಡ ಮಜವಾಗಿದೆ. 'ಚೆರೋಕಿ' ಹಾಡಿನ ಧಾಟಿಯನ್ನೇ ನುಡಿಸಲು ಶುರು ಮಾಡಿಬಿಡುತ್ತಾರೆ, ಯಾರೋ ತಡೆದು ನಿಲ್ಲಿಸುತ್ತಾರೆ. ಬಿಡುಗಡೆಯಾದ ಟೇಕಿನಲ್ಲಿ ಆ ಧಾಟಿ ಇಲ್ಲ, ಅದರ ಕಾರ್ಡ್‌ಗಳು ಮಾತ್ರ ಇವೆ. (ಡ್ಯೂಕ್ ಎಲಿಂಗ್ಟನ್‌ನ 1940ರ 'ಕೊ-ಕೊ' ಬೇರೆಯೇ ಟ್ಯೂನ್. ಹೆಸರು ನೋಡಿ ಮೋಸ ಹೋಗಬೇಡಿ. ಅದನ್ನೂ ಕೇಳಿ, ಖಂಡಿತ ಕೇಳಿ.)

'ಕೈಂಡ್ ಆಫ್ ಬ್ಲೂ' ಬಗ್ಗೆ ಎಲ್ಲರೂ ಬರೆದಿದ್ದಾರೆ. ಒಂದೇ ಮಾತು: 'ಸೋ ವಾಟ್'ನಲ್ಲಿ 32 ಬಾರಿನ ಚೌಕಟ್ಟು ಹಾಗೇ ಇದೆ, ಆದರೆ ಒಳಗೆ ಎರಡೇ ಎರಡು ಮೋಡ್, ಅಂದರೆ ಸ್ವರಶ್ರೇಣಿ. ಹದಿನಾರು ಬಾರ್ ಒಂದು, ಎಂಟು ಬಾರ್ ಅರ್ಧ ಸ್ವರ ಮೇಲೆ, ಮತ್ತೆ ಎಂಟು ಮೊದಲಿನದು. ಕಾರ್ಡ್‌ಗಳ ಹಾಸು ಇಲ್ಲೇ ತೆಳುವಾಯಿತು. ಅದೇ 1959ರಲ್ಲಿ ಆರ್ನೆಟ್ ಅದನ್ನು ಮಡಚಿ ಬದಿಗಿಟ್ಟ.

ಆರ್ನೆಟ್‌ನ 'ಲೋನ್ಲಿ ವುಮನ್' ಮತ್ತೆ ಹಾಕಿ. ಪಿಯಾನೋ ಇಲ್ಲ. ಬೇಸ್, ಡ್ರಮ್ಸ್ ಅವಸರದಲ್ಲಿವೆ. ಅವುಗಳ ಮೇಲೆ ಸ್ಯಾಕ್ಸೋಫೋನ್, ಕಾರ್ನೆಟ್ ನಿಧಾನವಾಗಿ ಅಳುತ್ತವೆ. ಹಾಡು ಇಲ್ಲ ಅನ್ನುತ್ತೀರಲ್ಲ, ಇಲ್ಲಿ ಇರುವುದೇ ಹಾಡು! ಒಂದು ಸಲ ಕೇಳಿದರೆ ಗುನುಗಬಹುದು. ಇಲ್ಲದಿರುವುದು ಎಣಿಸಬಹುದಾದ ಸುತ್ತು. ಆರ್ನೆಟ್ ಒಂದು ಮಾತನ್ನು ಹೇಳಿ ಮುಗಿಸುವುದಕ್ಕೆ ಹತ್ತು ಬಾರ್ ಬೇಕಿದ್ದರೆ ಹತ್ತು ತೆಗೆದುಕೊಳ್ಳುತ್ತಾನೆ, ಏಳು ಸಾಕಾದರೆ ಏಳು. ಅದನ್ನು ಆ ಕ್ಷಣದಲ್ಲೇ ಕೇಳಿಸಿಕೊಂಡು ಕೆಳಗಿನ ನೆಲ ಬದಲಿಸುವವನು ಬೇಸ್ ನುಡಿಸುವ ಚಾರ್ಲಿ ಹೇಡನ್. ಆದ್ದರಿಂದ ಆರ್ನೆಟ್ ಹಿಡಿಸದಿದ್ದರೆ ಆರ್ನೆಟ್‌ನನ್ನು ಕೇಳಬೇಡಿ, ಹೇಡನ್‌ನನ್ನು ಕೇಳಿ. ಚಿಕ್ಕವನಿದ್ದಾಗ ಮನೆಯವರ ಜೊತೆ ರೇಡಿಯೋದಲ್ಲಿ ಕಂಟ್ರಿ ಹಾಡು ಹಾಡುತ್ತಿದ್ದವನು ಅವನು. ಸ್ವರ ಎಲ್ಲಿಗೆ ಹೋಗುತ್ತದೆ ಅಂತ ಮೊದಲೇ ಊಹಿಸುವ ಕಿವಿ ಅವನದು. 'ರಾಂಬ್ಲಿನ್' ಅನ್ನುವ ಟ್ಯೂನ್‌ನಲ್ಲಿ ಅದು ಇನ್ನೂ ಸುಲಭವಾಗಿ ಕೇಳುತ್ತದೆ.

1960ರ ಡಿಸೆಂಬರ್‌ನಲ್ಲಿ ಆರ್ನೆಟ್ 'ಫ್ರೀ ಜಾಝ್' ರೆಕಾರ್ಡ್ ಮಾಡಿದ. ನಾಲ್ಕು ನಾಲ್ಕು ಜನರ ಎರಡು ತಂಡ, ಒಂದು ಎಡ ಸ್ಪೀಕರಿನಲ್ಲಿ, ಒಂದು ಬಲದಲ್ಲಿ, ನಡುವೆ ನಿಲ್ಲದೆ ಸುಮಾರು 37 ನಿಮಿಷ. ಹೆಡ್‌ಫೋನ್ ಹಾಕಿ ಒಂದು ಬದಿ ಮಾತ್ರ ಕೇಳುವುದೂ ಒಂದು ದಾರಿ. ಅಲ್ಲಿ ಒಬ್ಬ ಮುಂದೆ ಬಂದಾಗ ಉಳಿದವರು ಸುಮ್ಮನೆ ಹೊರುವುದಿಲ್ಲ, ನಡುವೆ ಮಾತು ಹಾಕುತ್ತಾರೆ, ಎತ್ತಿ ಕಟ್ಟುತ್ತಾರೆ. ಇದನ್ನು ಎಲ್ಲೋ ಕೇಳಿದ ಹಾಗಿದೆ ಅಲ್ವಾ? ಬಲಗಡೆಯ ಡ್ರಮ್ಮರ್ ಎಡ್ ಬ್ಲಾಕ್‌ವೆಲ್ ಹುಟ್ಟಿ ಬೆಳೆದದ್ದು ನ್ಯೂ ಆರ್ಲಿಯನ್ಸ್‌ನಲ್ಲಿ. ಅಲ್ಲಿನ ಬೀದಿ ಮೆರವಣಿಗೆಯ ಡ್ರಮ್ ನಡೆ ಅವನ ಕೈಯಲ್ಲಿ ಕೊನೆವರೆಗೂ ಇತ್ತು. 1923ರಲ್ಲಿ ಬೇಬಿ ಡಾಡ್ಸ್‌ಗೆ ಬಾರಿಸಲು ಬಿಡದಿದ್ದದ್ದು ಇಲ್ಲಿ ಪೂರ್ತಿ ಕೇಳಿಸುತ್ತದೆ ಅಂತ ನನಗೆ ಅನ್ನಿಸುತ್ತದೆ.

ಈಗ ಐಲರ್. ನೀವು ಬಹುಶಃ 1964ರ 'ಸ್ಪಿರಿಚುವಲ್ ಯೂನಿಟಿ' ಕೇಳಿದ್ದೀರಿ. ಎಲ್ಲರೂ ಅದನ್ನೇ ಹೇಳುತ್ತಾರೆ, ಒಳ್ಳೆಯದೇ. ಆದರೆ ಅದು ಮೂರೇ ಜನರ ತಂಡ, ಅಲ್ಲಿ ನನ್ನ ಮಾತು ಕಾಣುವುದಿಲ್ಲ. 1965ರ 'ಸ್ಪಿರಿಟ್ಸ್ ರಿಜಾಯ್ಸ್' ಹಾಕಿ. ಶುರುವಿಗೇ ಮಿಲಿಟರಿ ಬ್ಯಾಂಡಿನ ಮೆರವಣಿಗೆ, ಫ್ರಾನ್ಸಿನ ರಾಷ್ಟ್ರಗೀತೆಯ ನೆರಳಿರುವ ಧಾಟಿ. ಐಲರ್ ಸೈನ್ಯದಲ್ಲಿದ್ದಾಗ ಫ್ರಾನ್ಸಿನಲ್ಲಿ ಬ್ಯಾಂಡಿನಲ್ಲಿ ನುಡಿಸಿದವನು, ನೆನಪಿರಲಿ. ತಮ್ಮ ಡೊನಾಲ್ಡ್ ಟ್ರಂಪೆಟ್ಟಿನಲ್ಲಿ ಧಾಟಿ ಹಿಡಿದಿರುತ್ತಾನೆ. ಐಲರ್ ಸ್ಯಾಕ್ಸೋಫೋನ್ ಅದರ ಸುತ್ತ ನಡುಗುತ್ತಾ, ಕೂಗುತ್ತಾ ಹೋಗುತ್ತದೆ. ಇನ್ನೊಂದು ಸ್ಯಾಕ್ಸೋಫೋನ್ ಜೊತೆಗೂಡುತ್ತದೆ, ಕೆಳಗೆ ಎರಡು ಬೇಸ್ ಇವೆ. ಎಲ್ಲರೂ ಒಟ್ಟಿಗೆ. ಆಲಿವರ್ ಬ್ಯಾಂಡಿನಲ್ಲಿ ಕಾರ್ನೆಟ್, ಕ್ಲಾರಿನೆಟ್, ಟ್ರೊಂಬೋನ್ ಮಾಡುತ್ತಿದ್ದ ಕೆಲಸವನ್ನೇ ಇವರು ಹಂಚಿಕೊಂಡಿದ್ದಾರೆ. ಆ ದಪ್ಪ ನಡುಗುವ ಸ್ವರ ಕೂಡ ಪಾರ್ಕರ್ ಕಾಲದ್ದಲ್ಲ, ಹಳೆಯ ನ್ಯೂ ಆರ್ಲಿಯನ್ಸ್ ಶೈಲಿಯ ಸಿಡ್ನಿ ಬೆಶೆ ಕಾಲದ್ದು. ವ್ಯತ್ಯಾಸ ಇಲ್ಲ ಅಂತಲ್ಲ. ಆಲಿವರ್‌ಗೆ ಕಾರ್ಡ್‌ಗಳಿದ್ದವು, ಕಾಲು ಕುಣಿಸುವ ಲಯ ಇತ್ತು. ಐಲರ್‌ನ ಡ್ರಮ್ಮರ್ ಸನ್ನಿ ಮರ್ರೆ ಲಯ ಎಣಿಸುವುದೇ ಇಲ್ಲ, ಸದ್ದಿನ ಅಲೆ ಎಬ್ಬಿಸುತ್ತಾನೆ. ಆದ್ದರಿಂದ ಇಲ್ಲಿ ಎಣಿಸಬೇಡಿ. 'ಡಿಪ್ಪರ್‌ಮೌತ್'ಗೆ ಮಾಡಿದ ಹಾಗೆ ಒಂದು ಸಲ ಟ್ರಂಪೆಟ್ ಮಾತ್ರ, ಒಂದು ಸಲ ಬೇಸ್ ಮಾತ್ರ ಹಿಡಿದು ಕೇಳಿ.

ಈ ನಂಟು ನನ್ನ ಕಲ್ಪನೆ ಅಂತ ಅನುಮಾನ ಬಂದರೆ ಸ್ಟೀವ್ ಲೇಸಿಯ ಬದುಕು ನೋಡಿ. ಬೆಶೆಯ ರೆಕಾರ್ಡ್ ಕೇಳಿ ಮರುಳಾಗಿ ಸೊಪ್ರಾನೋ ಸ್ಯಾಕ್ಸೋಫೋನ್ ಹಿಡಿದ, ಡಿಕ್ಸಿಲ್ಯಾಂಡ್, ಅಂದರೆ ಹಳೆಯ ನ್ಯೂ ಆರ್ಲಿಯನ್ಸ್ ಶೈಲಿಯ ತಂಡಗಳಲ್ಲಿ ಶುರು ಮಾಡಿದ. ಅಲ್ಲಿಂದ ನೇರವಾಗಿ ಕಟ್ಟು ಬಿಚ್ಚಿ ನುಡಿಸುವ ಪಿಯಾನೋ ವಾದಕ ಸೆಸಿಲ್ ಟೇಲರ್ ತಂಡಕ್ಕೆ ಹಾರಿದ. ನಡುವಿನ ಬೀಬಾಪ್ ಮೆಟ್ಟಿಲು ಹತ್ತಲೇ ಇಲ್ಲ ಅನ್ನಬಹುದು. ಅವನ ಜೊತೆಗಾರ ಟ್ರೊಂಬೋನಿನ ರಾಸ್‌ವೆಲ್ ರಡ್ ಕೂಡ ಡಿಕ್ಸಿಲ್ಯಾಂಡ್‌ನಿಂದ ಬಂದವನೇ. 1963ರ ಇವರ 'ಸ್ಕೂಲ್ ಡೇಸ್' ಪೂರ್ತಿ ತೆಲೋನಿಯಸ್ ಮಂಕ್‌ನ ಟ್ಯೂನುಗಳು, ಸ್ಯಾಕ್ಸೋಫೋನ್ ಮತ್ತು ಟ್ರೊಂಬೋನ್ ಒಂದರ ಮೇಲೊಂದು ಬಿದ್ದು ಮಾತಾಡುತ್ತವೆ. ನಿಮಗೆ ಹಳೆಯದಕ್ಕೂ ಹೊಸದಕ್ಕೂ ಸೇತುವೆ ಬೇಕು ಅಂದರೆ ನಾನು ಕೊಡುವ ಮೊದಲ ಆಲ್ಬಮ್ ಅದು. ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಸೊಪ್ರಾನೋ ಹಿಡಿದ ಹೊಸದರಲ್ಲಿ, 1960ರಲ್ಲಿ, 'ಬ್ಲೂಸ್ ಟು ಬೆಶೆ' ಅಂತ ಒಂದು ನುಡಿಸಿದ್ದಾನೆ. ಯಾರಿಗೆ ನಮಸ್ಕಾರ ಅಂತ ಹೆಸರಿನಲ್ಲೇ ಇದೆ.

ಹಾಗಾಗಿ ಇನ್ನು ಮೇಲೆ ಇಸವಿ ಪ್ರಕಾರ ಬೇಡ, ಜೋಡಿ ಮಾಡಿ ಕೇಳಿ. ಮಾರ್ಟನ್ 1923ರಲ್ಲಿ, ಅದೇ ರೈಲು ಹಳಿ ಪಕ್ಕದ ಸ್ಟುಡಿಯೋದಲ್ಲಿ, ಪಿಯಾನೋದಲ್ಲಿ ಒಬ್ಬನೇ ನುಡಿಸಿದ 'ಕಿಂಗ್ ಪೋರ್ಟರ್ ಸ್ಟಾಂಪ್' ಇದೆ. ಅದರ ಬೆನ್ನಿಗೇ 1979ರ 'ಏರ್ ಲೋರ್' ಹಾಕಿ. ಏರ್ ಅಂದರೆ ಹೆನ್ರಿ ಥ್ರೆಡ್‌ಗಿಲ್, ಫ್ರೆಡ್ ಹಾಪ್ಕಿನ್ಸ್, ಸ್ಟೀವ್ ಮೆಕಾಲ್. ಶಿಕಾಗೋದಲ್ಲಿ 1965ರಲ್ಲಿ ಶುರುವಾದ ಎಎಸಿಎಂ ಅನ್ನುವ ಸಂಗೀತಗಾರರ ಸಂಘದಿಂದ ಬಂದವರು. ಅಲ್ಲಿ ಪಿಯಾನೋ ಇಲ್ಲ, ಆದರೆ ಹಾಡಿನ ಒಂದೊಂದು ಭಾಗವೂ ಗುರುತು ಸಿಗುತ್ತದೆ, ಒಂದೊಂದೂ ಬೇರೆ ಬಾಗಿಲು ತೆರೆಯುತ್ತದೆ. ಹಾಗೆಯೇ ಆರ್ಮ್‌ಸ್ಟ್ರಾಂಗ್ ಮತ್ತು ಅರ್ಲ್ ಹೈನ್ಸ್ ಇಬ್ಬರೇ ನುಡಿಸಿದ 1928ರ 'ವೆದರ್ ಬರ್ಡ್', ಆಮೇಲೆ ಕೋಲ್ಟ್ರೇನ್ ಮತ್ತು ಡ್ರಮ್ಮರ್ ರಶೀದ್ ಅಲಿ ಇಬ್ಬರೇ ನುಡಿಸಿದ 1967ರ 'ಇಂಟರ್‌ಸ್ಟೆಲ್ಲಾರ್ ಸ್ಪೇಸ್'. ಮೊದಲನೆಯದರ ಕೊನೆಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಬೀಳಿಸಲು ನೋಡುತ್ತಾರೆ, ಸಣ್ಣ ಸಣ್ಣ ತುಂಡು ಎಸೆಯುತ್ತಾರೆ. ಎರಡನೆಯದರಲ್ಲಿ ಯಾರು ಯಾರನ್ನು ಓಡಿಸುತ್ತಿದ್ದಾರೆ ಅಂತ ಹುಡುಕಿ. ಇಬ್ಬರೇ ಇದ್ದಾಗ ಕಿವಿಗೆ ಕೆಲಸ ಸುಲಭ, ಅದಕ್ಕೇ 1965ರ 'ಅಸೆನ್ಷನ್'ನ ಹನ್ನೊಂದು ಜನರಿಗಿಂತ ಮೊದಲು ಇದನ್ನು ಹೇಳುತ್ತಿದ್ದೇನೆ.

ಯುರೋಪಿನವರನ್ನು ನೀವು ಕೇಳಿಲ್ಲ. ಬ್ರಿಟನ್ನಿನ ಡೆರೆಕ್ ಬೈಲಿ ಗಿಟಾರಿನಲ್ಲಿ ಧಾಟಿ, ಲಯ, ಕಾರ್ಡ್ ಮೂರನ್ನೂ ದೂರ ಇಟ್ಟವನು. ಅವನ ಬಹಳಷ್ಟು ರೆಕಾರ್ಡುಗಳು ನನಗೆ ಎದುರಿಗೆ ಕೂತು ಕೇಳಿದಷ್ಟು ರುಚಿಸುವುದಿಲ್ಲ, ಇಂಥ ಸಂಗೀತಕ್ಕೆ ರೆಕಾರ್ಡ್ ಒಂದು ಅರೆಬರೆ ಸಾಕ್ಷಿ ಅಷ್ಟೇ. ಆದರೆ 2002ರಲ್ಲಿ ಬಂದ 'ಬ್ಯಾಲಡ್ಸ್' ಬೇರೆ. ಹಳೆಯ ಹಾಡುಗಳನ್ನು ಹಾಗೇ ಶುರು ಮಾಡಿ, ಯಾವಾಗ ಬಿಟ್ಟ ಅಂತ ಗೊತ್ತಾಗದ ಹಾಗೆ ಬಿಟ್ಟುಬಿಡುತ್ತಾನೆ. ಒಂದು ಕಾಲದಲ್ಲಿ ಡಾನ್ಸ್ ಹಾಲುಗಳಲ್ಲಿ ಈ ಹಾಡುಗಳನ್ನೇ ನುಡಿಸಿ ಹೊಟ್ಟೆ ಹೊರೆದವನು. ಬೆರಳಿಗೆ ಅವು ಮರೆತಿಲ್ಲ.

ಒಂದು ಸಣ್ಣ ಎಚ್ಚರಿಕೆ. ಆ್ಯಪ್‌ಗಳಲ್ಲಿ ತೋರಿಸುವ ಇಸವಿ ನಂಬಬೇಡಿ, ಅದು ಹೆಚ್ಚಾಗಿ ಮರುಮುದ್ರಣದ್ದು. ಹಾಟ್ ಫೈವ್ ಪಕ್ಕದಲ್ಲಿ 1999 ಅಂತ ಕಂಡರೆ ಆಶ್ಚರ್ಯ ಇಲ್ಲ. ಆರ್ಮ್‌ಸ್ಟ್ರಾಂಗ್ ಅಂತೂ ತನ್ನ ಹಳೆಯ ಹಾಡುಗಳನ್ನು ಮುಂದೆ ಎಷ್ಟೋ ಸಲ ಮತ್ತೆ ರೆಕಾರ್ಡ್ ಮಾಡಿದ್ದಾನೆ. ರೆಕಾರ್ಡ್ ಆದ ದಿನಾಂಕ ಮತ್ತು ನುಡಿಸಿದವರ ಹೆಸರು ಹುಡುಕಿ ಖಾತ್ರಿ ಮಾಡಿಕೊಳ್ಳಿ.

ಕೊನೆಗೆ ಬ್ರಾಕ್ಸ್ಟನ್. ಶುರುವಿಗೇ 'ಫಾರ್ ಆಲ್ಟೋ' ಹಿಡಿದಿದ್ದರೆ ಸುಸ್ತಾಗಿರುವುದು ಸಹಜ. ಎರಡು ಎಲ್‌ಪಿ ತುಂಬ ಒಂದೇ ಸ್ಯಾಕ್ಸೋಫೋನ್, ಜೊತೆಗೆ ಯಾರೂ ಇಲ್ಲ. ಅದನ್ನು ಸದ್ಯಕ್ಕೆ ಎತ್ತಿಡಿ. ಅವನು ಪಿಯಾನೋದ ಮಾಲ್ ವಾಲ್‌ಡ್ರನ್ ಜೊತೆ 1987ರಲ್ಲಿ ಮಾಡಿದ 'ಸಿಕ್ಸ್ ಮಂಕ್ಸ್ ಕಾಂಪೋಸಿಷನ್ಸ್' ಮೊದಲು ಕೇಳಿ. ಅಲ್ಲಿ ಸುತ್ತು ಇದೆ, ಎಣಿಸಬಹುದು. ಎಣಿಸುತ್ತಲೇ ಅವನು ಎಲ್ಲಿ ಅದರ ಅಂಚು ದಾಟುತ್ತಾನೆ ನೋಡಿ. ಅದಾದ ಮೇಲೆ 1993ರ ಚಾರ್ಲಿ ಪಾರ್ಕರ್ ಪ್ರಾಜೆಕ್ಟ್. 'ಫಾರ್ ಆಲ್ಟೋ'ಗೆ ಆಮೇಲೆ ಹೋದಾಗಲೂ ಒಂದು ದಿನಕ್ಕೆ ಒಂದು ಮುಖ ಸಾಕು. ಅದರ ತುಂಡುಗಳು ಒಬ್ಬೊಬ್ಬರಿಗೆ ಅರ್ಪಿಸಿದವು, ಸೆಸಿಲ್ ಟೇಲರ್‌ಗೆ ಒಂದು, ಜಾನ್ ಕೇಜ್‌ಗೆ ಒಂದು. ಟೇಲರ್‌ಗೆ ಅರ್ಪಿಸಿದ್ದರಿಂದ ಶುರು ಮಾಡಿ, ಕೇಜ್‌ಗೆ ಅರ್ಪಿಸಿದ್ದು ಎಲ್ಲಕ್ಕಿಂತ ಕೊನೆಗೆ ಇರಲಿ, ಅದು ಕಿವಿಗೆ ತುಂಬ ಖಾರ.